ಅಳತೆಮನೆಯ ಮೋಡೆಮ್

ಮಾರ್ಚ್ ೪

ಅಣ್ಣನಿಗೆ,

ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕನೇ ಸಲ ಅತ್ತಿಗೆ ಎತ್ತಿ "ಅವರು ಇಲ್ಲ ಕಣೇ" ಅಂದರು. ಅವರ ಬೆನ್ನ ಹಿಂದೆಯೇ ನಿನ್ನ ಕೆಮ್ಮು ಕೇಳಿಸಿತು. ಆದ್ದರಿಂದ ಈ ಕಾಗದ. ದಿನಸಿ ಕಟ್ಟಿಕೊಟ್ಟ ಪೇಪರನ್ನೂ ಬಿಡಿಸಿ ಓದುವವನು ನೀನು. ಇದನ್ನು ಓದದೆ ಇರಲಾರೆ.

ಜಗಳಕ್ಕಲ್ಲ, ಕೆಲಸದ ಮಾತಿಗೆ ಬರೆಯುತ್ತಿದ್ದೇನೆ. ಅಳತೆಮನೆಗೆ ಕಚೇರಿಯಿಂದ ಒಂದು ರಟ್ಟಿನ ಪೆಟ್ಟಿಗೆ ಬಂದಿದೆ. ಒಳಗೆ ಸಾಬೂನಿನ ಡಬ್ಬಿಯಷ್ಟು ಕಂಪ್ಯೂಟರ್, ಒಂದು ಹಳೆಯ ಪರದೆ, ಕೀಬೋರ್ಡ್, ಬೆರಳುದ್ದದ ಯು.ಎಸ್.ಬಿ. ಮೋಡೆಮ್, ಅದಕ್ಕೊಂದು ಸಿಮ್. ವಿವರಣೆಯೆಂದು ಒಂದೇ ಒಂದು ಹಾಳೆ. ಇನ್ನು ಮುಂದೆ ಅಪ್ಪನ ಹಾಗೆ, ನನ್ನ ಹಾಗೆ, ದಿನಕ್ಕೆರಡು ಸಲ ಹೊಳೆಗಿಳಿದು ಅಳತೆಗೋಲು ನೋಡಿ ಕಚೇರಿಗೆ ಫೋನ್ ಮಾಡುವುದು ಬೇಡವಂತೆ. ಹೊಳೆಯ ನೀರು ಒಳಬರುವ ಅಳತೆಮನೆಯ ಬಾವಿಯಲ್ಲಿ ತೇಲುವ ಡಬ್ಬ ನೀರಿನ ಮಟ್ಟವನ್ನು ಕಂಪ್ಯೂಟರಿಗೆ ಹೇಳುತ್ತದೆ. ಕಂಪ್ಯೂಟರ್ ಗಂಟೆಗೊಮ್ಮೆ ಮೋಡೆಮ್ ಮೂಲಕ ಕಚೇರಿಗೆ ಹೇಳುತ್ತದೆ. ಮೂರೂವರೆ ಮೀಟರ್ ದಾಟಿದರೆ ನಿಮ್ಮ ತಗ್ಗಿನ ಬೀದಿಯ ನಲವತ್ತು ಮನೆಗಳ ಫೋನಿಗೂ ಸಂದೇಶ ಹೋಗುತ್ತದೆ. ತೇಲು, ತಂತಿ ಎಲ್ಲ ಅವರೇ ಬಂದು ಕೂಡಿಸಿದರು. ಮೋಡೆಮ್ ಮಾತ್ರ "ಸಿಕ್ಕಿಸಿದ್ರೆ ಆಯ್ತಮ್ಮ, ಅದರಲ್ಲೇನಿದೆ" ಎಂದು ನನಗೆ ಬಿಟ್ಟು ಹೋದರು.

ಸಿಕ್ಕಿಸಿದೆ. ಆಗಲಿಲ್ಲ. ಹಸಿರು ದೀಪ ಕಣ್ಣು ಮಿಟುಕಿಸುತ್ತಿದೆ, ಅಷ್ಟೇ. ಕಂಪ್ಯೂಟರ್ ಅದನ್ನು ಮೋಡೆಮ್ ಎನ್ನದೆ ಸಿ.ಡಿ. ಎನ್ನುತ್ತಿದೆ.

ಮೇ ತಿಂಗಳ ಕೊನೆಗೆ ಇಲ್ಲಿಯ ಗೋಡೆ ಫೋನಿನ ತಂತಿ ಕತ್ತರಿಸುತ್ತಾರೆ. ಆಮೇಲೆ ಹೊಳೆ ಏರಿದರೆ ಕೆಳಗಿನವರಿಗೆ ಹೇಳಲು ನನಗಿರುವುದು ಇದೊಂದೇ ದಾರಿ. ಇಲ್ಲಿಯ ನೀರು ನಿಮ್ಮ ಬೀದಿ ಮುಟ್ಟಲು ಮೂರು ಗಂಟೆ ಎಂದು ಅಪ್ಪ ಹೇಳುತ್ತಿದ್ದರು. ನಿನ್ನದು ಬೀದಿಯ ಕಟ್ಟಕಡೆಯ ಮನೆ, ಎಲ್ಲಕ್ಕಿಂತ ತಗ್ಗಿನದು. ಪುಟ್ಟಿಗೆ ಇನ್ನೂ ಅಂಬೆಗಾಲು.

ಇಡೀ ದಿನ ಎದ್ದು ಕೂತು ಮಾಡುತ್ತಿದ್ದೇನೆ. ಉತ್ತರ ಬರೆ.

ನಿನ್ನ ತಂಗಿ


ಮಾರ್ಚ್ ೧೨

ಪಂಡಿತೆಗೆ,

ಕೆಮ್ಮಿದ್ದು ನಾನಲ್ಲ, ರೇಡಿಯೋ ರಿಪೇರಿಗೆ ಬಂದ ಗಿರಾಕಿ.

ಮೋಡೆಮ್ ಕೆಟ್ಟಿಲ್ಲ. ಈ ಜಾತಿಯ ಮೋಡೆಮ್‌ಗಳ ಹೊಟ್ಟೆಯಲ್ಲಿ ಬೇರೆ ಬಗೆಯ ಕಂಪ್ಯೂಟರುಗಳಿಗೆ ಬೇಕಾದ ಪ್ರೋಗ್ರಾಂ ತುಂಬಿಟ್ಟಿರುತ್ತಾರೆ. ಅದಕ್ಕೇ ಸಿಕ್ಕಿಸಿದ ಕೂಡಲೇ ಅದು ಸಿ.ಡಿ.ಯ ವೇಷದಲ್ಲಿ ನಿಲ್ಲುತ್ತದೆ. ನಿನ್ನದು ಲಿನಕ್ಸ್ ಎಂಬ ಬಗೆಯದು. ಅದಕ್ಕೆ ಆ ಸಾಮಾನು ಬೇಡ. "ವೇಷ ಸಾಕು, ಕಳಚು" ಎಂದು ಮೋಡೆಮ್‌ಗೆ ಹೇಳುವ ಒಂದು ಸಣ್ಣ ಪ್ರೋಗ್ರಾಂ ಬೇಕು. ಅದನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಇಂಟರ್ನೆಟ್ ಬೇಕಾದರೆ ಮೋಡೆಮ್ ನಡೆಯಬೇಕು. ಮದುವೆಯಾಗದೆ ಹುಚ್ಚು ಬಿಡುವುದಿಲ್ಲ, ಹುಚ್ಚು ಬಿಡದೆ ಮದುವೆಯಾಗುವುದಿಲ್ಲ. ಆದ್ದರಿಂದ ಪೆನ್‌ಡ್ರೈವಿಗೆ ಹಾಕಿ ಇದರ ಜೊತೆ ಕಳಿಸಿದ್ದೇನೆ. ಏನೇನು ಟೈಪ್ ಮಾಡಬೇಕೆಂದು ಈ ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ. ಒಂದು ಚುಕ್ಕಿಯನ್ನೂ ಬಿಡಬೇಡ, ಒಂದು ಚುಕ್ಕಿಯನ್ನೂ ಸೇರಿಸಬೇಡ. ನಿನ್ನ ಪ್ರಬಂಧವಲ್ಲ ಅದು.

ಅದಕ್ಕೂ ಮೊದಲು ಸಿಮ್ಮನ್ನು ನಿನ್ನ ಫೋನಿಗೆ ಹಾಕಿ ಅದರ ಗುಪ್ತ ಸಂಖ್ಯೆಯ ಬೀಗ ತೆಗೆ. ಸಂಖ್ಯೆ ಸಿಮ್ ಬಂದ ಕಾರ್ಡಿನ ಮೇಲೆ ಇರುತ್ತದೆ. ಕಾಣದಿದ್ದರೆ ಕಚೇರಿಗೆ ಕೇಳು. ಮೂರು ಸಲ ತಪ್ಪಿದರೆ ಸಿಮ್ ಬಾಗಿಲು ಹಾಕಿಕೊಳ್ಳುತ್ತದೆ.

ಕಚೇರಿಯವರು ಅಕ್ಷರ ದುಂಡಗಿದೆಯೆಂದು ನಿನಗೆ ಕೆಲಸ ಕೊಟ್ಟರಲ್ಲ, ಆ ದುಂಡಕ್ಷರವನ್ನು ಈಗ ಮೋಡೆಮ್‌ಗೆ ತೋರಿಸು.

ನಾನು ಮೇಲೆ ಬರುವುದಿಲ್ಲ. ಕೇಳಬೇಡ.

ಅಣ್ಣ


ಮಾರ್ಚ್ ೨೨

ಅಣ್ಣನಿಗೆ,

ವೇಷ ಕಳಚಿತು! ನೀನು ಬರೆದ ಸಾಲುಗಳನ್ನು ಬೆರಳಿಟ್ಟು ಬೆರಳಿಟ್ಟು ಟೈಪ್ ಮಾಡಿದೆ. ಎರಡು ಸಲ ಬಯ್ಯಿತು. ಮೂರನೇ ಸಲ ದೀಪ ಒಮ್ಮೆ ಆರಿ, ನನ್ನ ಎದೆಯೂ ಆರಿ, ಮತ್ತೆ ಹೊತ್ತಿಕೊಂಡಿತು. ಕಂಪ್ಯೂಟರಿಗೆ ಸಿಕ್ಕಿಸಿದ ಸಾಮಾನುಗಳ ಪಟ್ಟಿಯಲ್ಲಿ ಅದರ ಗುರುತಿನ ಕೊನೆಯ ನಾಲ್ಕು ಅಂಕಿಗಳೇ ಬದಲಾಗಿದ್ದವು. ಕೇಳಿಸುತ್ತಿದೆಯಾ ಎಂದು ಮೋಡೆಮ್‌ಗೆ ಕೇಳಲು "ಎ.ಟಿ." ಎಂದು ಬರೆದೆ. "ಓಕೆ" ಎಂದಿತು. ನಂಬಲಾಗದೆ ಇನ್ನೊಮ್ಮೆ ಬರೆದೆ. ಮತ್ತೆ "ಓಕೆ". ಹೀಗೆ ಏಳೆಂಟು ಸಲ ಅದರ ಬಾಯಿಂದ ಅಷ್ಟನ್ನೇ ಹೇಳಿಸಿದೆ.

ಸಿಗ್ನಲ್ ಕೇಳಿದರೆ ಒಳಗೆ ಮೇಜಿನ ಮೇಲೆ ಒಂಬತ್ತು ಎನ್ನುತ್ತದೆ. ಉದ್ದ ತಂತಿಯಲ್ಲಿ ಕಿಟಕಿಯಾಚೆ ತೂಗುಬಿಟ್ಟರೆ ಹದಿನೇಳು. ಹಾಳೆಯ ಪ್ರಕಾರ ಮೂವತ್ತೊಂದಕ್ಕೆ ಮೂವತ್ತೊಂದು ಬಂದರೆ ಪೂರ್ಣಾಂಕ. ಹದಿನೇಳೆಂದರೆ ದ್ವಿತೀಯ ದರ್ಜೆ. ನನ್ನ ಪದವಿಯದೂ ಅದೇ.

ಆದರೆ ಹೊರಗೆ ಹೋಗುತ್ತಿಲ್ಲ. ಕಂಪನಿಯ ಜಾಲಕ್ಕೆ ಏನೋ ಒಂದು ಹೆಸರು ಕೊಡಬೇಕಂತೆ. ಹಾಳೆಯಲ್ಲಿ ಆ ಜಾಗ ಖಾಲಿ. ಕಚೇರಿಯ ಸಾಹೇಬರು ದಿನಾ ಬೆಳಿಗ್ಗೆ ಗೋಡೆ ಫೋನಿನಲ್ಲಿ "ಏನಮ್ಮಾ, ಆಯ್ತಾ?" ಅನ್ನುತ್ತಾರೆ. ನಾನು "ಆಗ್ತಾ ಇದೆ ಸರ್" ಅನ್ನುತ್ತೇನೆ. "ಆಗ್ತಾ ಇದೆ ಅನ್ನೋದನ್ನ ನಾನು ಎಲ್ಲಿ ಬರ್ಕೊಳ್ಳಲಿ? ಆಯ್ತು, ಆಗಿಲ್ಲ, ಎರಡೇ ಕಾಲಂ ಇರೋದು" ಅನ್ನುತ್ತಾರೆ. ಫೋನ್ ಇಟ್ಟ ಮೇಲೆ ಕೂರಲಾಗದೆ ಹೊಳೆಯ ಮೆಟ್ಟಿಲನ್ನು ಸುಮ್ಮನೆ ಹತ್ತಿ ಇಳಿಯುತ್ತೇನೆ.

ಆ ಹೆಸರು ಬೇಗ ತಿಳಿಸು.

ನಿನ್ನ ತಂಗಿ


ಏಪ್ರಿಲ್ ೨

ಅಣ್ಣನಿಗೆ,

ನಿನ್ನ ಕಾಗದಕ್ಕೆ ಕಾಯಲಾಗಲಿಲ್ಲ. ಸಿಮ್ ಕಂಪನಿಯವರಿಗೇ ಫೋನ್ ಮಾಡಿ, ಮುಕ್ಕಾಲು ಗಂಟೆ ಅವರ ಸಂಗೀತ ಕೇಳಿ, ಆ ಹೆಸರು ಪಡೆದೆ. ಹಾಕಿದೆ. ದೀಪ ನೀಲಿಯಾಯಿತು! ಮಿಟುಕದ ನೀಲಿ. ಹನ್ನೊಂದಕ್ಕೆ ಒಂದು ಸಂದೇಶ ಹೋಯಿತು, ಹನ್ನೆರಡಕ್ಕೆ, ಒಂದಕ್ಕೆ, ಎರಡಕ್ಕೆ. "೧.೨೨ ಬಂತು, ಮತ್ತೆ ೧.೨೨ ಬಂತು, ಈ ಹೊಳೆಗೆ ಬೇರೆ ಕಸುಬಿಲ್ವಾ?" ಎಂದು ಸಾಹೇಬರು ನಕ್ಕರು.

"ಹಾಗಾದ್ರೆ ಆಯ್ತು ಅಂತ ಬರ್ಕೊಳ್ಳಲಾ?" ಎಂದರು. ಬರೆದುಕೊಳ್ಳಿ ಎಂದೆ.

ಇನ್ನು ನಿನಗೆ ತೊಂದರೆ ಕೊಡುವುದಿಲ್ಲ.

ನಿನ್ನ ತಂಗಿ


ಏಪ್ರಿಲ್ ೨

ಪಂಡಿತೆಗೆ,

ಜಾಲದ ಹೆಸರು ಈ ಹಾಳೆಯ ಹಿಂಬದಿಯಲ್ಲಿದೆ. ಹಾಕಿದರೆ ನಡೆಯುತ್ತದೆ. ನಡೆದ ಕೂಡಲೇ ಕಚೇರಿಗೆ ಹೇಳಬೇಡ. ಒಂದು ದಿನ ನಡೆಯುವುದು ದೊಡ್ಡದಲ್ಲ. ನನ್ನ ಅಂಗಡಿಯಲ್ಲಿ ರಿಪೇರಿಯಾದ ಎಲ್ಲ ರೇಡಿಯೋಗಳೂ ಒಂದು ದಿನ ಹಾಡಿವೆ. ಗಾಳಿಮಳೆಯ ದಿನ ಒಂದು ಬರಲಿ. ಅದು ದಾಟಿದ ಮೇಲೆ ಹೇಳು. ಅಲ್ಲಿಯವರೆಗೆ ಸಾಹೇಬರು ಎಷ್ಟು ಕೇಳಿದರೂ ಆಗಿಲ್ಲ ಎನ್ನು. ಬಯ್ದರೆ ಬಯ್ಯಿಸಿಕೋ.

ಅಣ್ಣ


ಏಪ್ರಿಲ್ ೨೦

ಅಣ್ಣನಿಗೆ,

ನಿನ್ನ ಕಾಗದ, ನನ್ನ ಕಾಗದ ದಾರಿಯಲ್ಲಿ ಒಂದನ್ನೊಂದು ದಾಟಿಕೊಂಡು ಹೋಗಿವೆ. ಈಗ ಬರೆಯುವುದನ್ನು ಬೈಯದೆ ಪೂರ್ತಿ ಓದು.

ಹದಿನಾಲ್ಕನೇ ತಾರೀಕು ಲೈನ್‌ಮನ್ ಏಣಿ ಹೊತ್ತುಕೊಂಡು ಬಂದ. "ಮೇ ಕೊನೆಗಲ್ವಾ?" ಎಂದೆ. "ನಿಮ್ದು ಆಯ್ತು ಅಂತ ಬರ್ದಿದೆಯಲ್ಲಮ್ಮ. ಆಯ್ತು ಅಂದವರ್ದು ಮೊದ್ಲು" ಎಂದ. ಕಂಬ ಹತ್ತಿದ, ಕಟ್ ಎಂದಿತು, ಇಳಿದ. ಗೋಡೆಯಿಂದ ಫೋನ್ ಬಿಚ್ಚಿದಾಗ ಅದರ ಹಿಂದೆ ಅಪ್ಪ ಪೆನ್ಸಿಲಿನಲ್ಲಿ ಬರೆದ ನಂಬರುಗಳು ಕಂಡವು. ಆಸ್ಪತ್ರೆ, ಕಚೇರಿ, ನಿನ್ನ ಅಂಗಡಿ. "ಇದನ್ನೂ ಒರೆಸ್ಲಾ?" ಎಂದ. ಬೇಡ ಎಂದೆ.

ಹದಿನೇಳರಂದು ಗಾಳಿ ಎದ್ದಿತು. ಎದುರು ದಿಬ್ಬದ ಮೇಲಿನ ಟವರಿಗೆ ಕರೆಂಟ್ ಹೋಯಿತು. ಗಾಳಿ ಬಂದಾಗೆಲ್ಲ ಅಲ್ಲಿ ಕರೆಂಟ್ ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ. ಸಿಗ್ನಲ್ ಹದಿನೇಳರಿಂದ ಐದಕ್ಕೆ ಇಳಿಯಿತು. ಐದಾದರೇನು, ಇದೆಯಲ್ಲ ಎಂದುಕೊಂಡೆ. ಹನ್ನೊಂದು ಗಂಟೆಗೆ ಸಂದೇಶ ಕಳಿಸಲು ಹೊರಟ ಕಂಪ್ಯೂಟರಿನ ಪರದೆ ಕಪ್ಪಾಯಿತು. ತಾನಾಗಿ ಎದ್ದಿತು, ಸಾಲು ಸಾಲು ಅಕ್ಷರ ಉರುಳಿಸಿತು, ಮೋಡೆಮ್ ಎಬ್ಬಿಸಿತು, ಕಳಿಸಲು ಹೋಯಿತು, ಮತ್ತೆ ಕಪ್ಪು. ಸಂಜೆಯವರೆಗೆ ಮೂವತ್ತಾರು ಸಲ ಎಣಿಸಿದೆ. ಒಂದೂ ಸಂದೇಶ ಹೋಗಲಿಲ್ಲ. ಟವರಿಗೆ ಕರೆಂಟ್ ಬಂದ ಮೇಲೆ ಏನೂ ಆಗದವರಂತೆ ನೀಲಿ ದೀಪ.

ಅಂದರೆ ಬಿಸಿಲಿದ್ದಾಗ ಮಾತಾಡುತ್ತದೆ, ಗಾಳಿ ಎದ್ದರೆ ಮೂರ್ಛೆ ಬೀಳುತ್ತದೆ. ಹೊಳೆ ಏರುವುದು ಬಿಸಿಲಿನಲ್ಲಲ್ಲ.

ನೀನು ಬರೆದಿದ್ದೆ, ಆಗಿಲ್ಲ ಎನ್ನು ಎಂದು. ಅದು ಕೈಗೆ ಬರುವ ಮೊದಲೇ ನಾನು ಆಯ್ತು ಎಂದಾಗಿತ್ತು. ಈಗ ಏನು ಮಾಡಲಿ?

ನಿನ್ನ ತಂಗಿ


ಏಪ್ರಿಲ್ ೨೯

ಅಣ್ಣನಿಗೆ,

ಅಂಚೆಯವನು ಇವತ್ತೂ ಕೈ ಆಡಿಸಿಕೊಂಡು ಹೋದ. ಮೋಡೆಮನ್ನು ಕಿಟಕಿಯಿಂದ ಚಾವಣಿಗೆ, ಚಾವಣಿಯಿಂದ ಕಂಬಕ್ಕೆ ಕಟ್ಟಿ ನೋಡಿದೆ. ಗಾಳಿಯ ದಿನ ಆರಾಗುತ್ತದೆ, ಏಳಾಗುತ್ತದೆ, ಮತ್ತೆ ಅದೇ ಮೂರ್ಛೆ. ಪ್ರೋಗ್ರಾಂ ಮೊದಲಿಂದ ಹಾಕಿದೆ. ಅದೇ. ನನ್ನ ಸ್ವಂತ ಫೋನಿನ ಸಿಮ್ ಬೇರೆ ಕಂಪನಿಯದು, ಅದಕ್ಕೆ ಸಿಗ್ನಲ್ ಸಿಗಬೇಕಾದರೆ ಸೇತುವೆಯವರೆಗೆ ಅರ್ಧ ಗಂಟೆ ನಡೆಯಬೇಕು. ನಡೆದು ನೋಡಿದೆ, ದಿಬ್ಬದ ಟವರ್ ಆರಿದ ದಿನ ಅಲ್ಲೂ ಸಿಗುವುದಿಲ್ಲ.

ಓದಲು ಕೂತರೆ ಒಂದೇ ಪುಟ ನಾಲ್ಕು ಸಲ ಓದುತ್ತೇನೆ. ಬಯ್ಯುವುದಾದರೂ ಬಯ್ದು ಬರೆ.

ನಿನ್ನ ತಂಗಿ


ಮೇ ೪

ತಂಗಿಗೆ,

ಬಯ್ಯುತ್ತೇನೆ. ಇದು ಮೋಡೆಮ್ ವಿಷಯಕ್ಕಲ್ಲ.

ಅಪ್ಪ ಹೋಗಿ ಹನ್ನೆರಡು ದಿನವಾಗಿರಲಿಲ್ಲ. ಸಾಹೇಬರು ಮನೆಗೆ ಬಂದು "ಅಳತೆಮನೆಗೆ ಮಗ ಬರ್ತಾನಾ?" ಎಂದು ಕೇಳಿದರು. ನೀನು ಅಡುಗೆಮನೆ ಬಾಗಿಲಲ್ಲಿ ನಿಂತು "ಅವನಿಗೆ ಅಂಗಡಿ ಇದೆ, ಅವನು ಬರೋಲ್ಲ ಸರ್" ಎಂದೆ. ನಾನು ಎಲ್ಲಿದ್ದೆ? ಬೀದಿಯಾಚೆ, ಅಂಗಡಿಯಲ್ಲಿ, ಕೂಗಿದರೆ ಕೇಳುವಷ್ಟು ಹತ್ತಿರ. ಒಂದು ಮಾತು ಕೇಳಬೇಕೆಂದು ನಿನಗೆ ಅನ್ನಿಸಲಿಲ್ಲ. ಕೇಳಿದ್ದರೆ ನಾನು ಒಲ್ಲೆ ಎನ್ನುತ್ತಿದ್ದೆನೋ ಏನೋ. ಅದಲ್ಲ ವಿಷಯ. ನನ್ನ ಉತ್ತರವನ್ನು ನೀನು ಕೊಟ್ಟೆ.

ಈಗಲೂ ಅದೇ. ಯಾರಾದರೂ ಕೇಳಿದ ಕೂಡಲೇ ನಿನ್ನ ಬಾಯಿಂದ ಏನಾದರೊಂದು ಬಂದೇಬಿಡಬೇಕು, ಅವರ ಮುಖ ಅರಳಬೇಕು. ತರಗತಿಯಲ್ಲಿ ಕೈ ಎತ್ತಿ ಕೈ ಎತ್ತಿ ಅಭ್ಯಾಸ. ಎರಡು ವರ್ಷ ಇದನ್ನು ಒಳಗಿಟ್ಟುಕೊಂಡಿದ್ದೆ. ಈಗ ನಲವತ್ತು ಮನೆಗಳ ತಲೆಯ ಮೇಲೆ ಬಂದಿದೆಯೆಂದು ಬರೆಯುತ್ತಿದ್ದೇನೆ.

ಅಣ್ಣ


ಮೇ ೭

ನಮ್ಮ ಹುಡುಗಿಗೆ,

ಅತ್ತಿಗೆ ಬರೆಯುತ್ತಿರುವುದು. ನಾನು ಬರೆದೆ ಅಂತ ನಿಮ್ಮಣ್ಣನಿಗೆ ಗೊತ್ತಾಗುವುದು ಬೇಡ.

ಅವರ ಕಾಗದ ನೋಡಿ ಅತ್ತಿರುತ್ತೀಯ. ಅಳು, ಆದರೆ ಇದನ್ನೂ ತಿಳಿದುಕೋ. ನಿನ್ನ ಇಪ್ಪತ್ತನೇ ತಾರೀಕಿನ ಕಾಗದ ಬಂದ ದಿನವೇ ಇವರು ಪೇಟೆಗೆ ಹೋಗಿ ನಿನ್ನಂಥದ್ದೇ ಕಂಪ್ಯೂಟರ್, ನಿನ್ನಂಥದ್ದೇ ಮೋಡೆಮ್ ಯಾರದೋ ಕೈಕಾಲು ಹಿಡಿದು ತಂದರು. ನಮ್ಮಲ್ಲಿ ಸಿಗ್ನಲ್ ಚೆನ್ನಾಗಿದೆ, ಅದಕ್ಕೆ ಮೂರ್ಛೆಯೇ ಬರುವುದಿಲ್ಲ. ಇವರಿಗೆ ಅದೇ ಸಂಕಟ. "ನಮ್ಮನೇಲಿ ಎಲ್ಲಾ ಚೆನ್ನಾಗಿ ನಡೀತಾ ಇದೆ, ಅದೇ ತೊಂದ್ರೆ" ಅಂತ ಗೊಣಗುತ್ತಾ ಓಡಾಡಿದರು. ಮೊನ್ನೆ ನನ್ನ ಹಿಟ್ಟಿನ ಡಬ್ಬ, ದೊಡ್ಡದು, ತಗಡಿನದು, ಹಿಟ್ಟೆಲ್ಲ ಪೇಪರಿನ ಮೇಲೆ ಸುರಿದು ಖಾಲಿ ಮಾಡಿ, ಮೋಡೆಮನ್ನು ಅದರೊಳಗಿಟ್ಟು, ತಂತಿ ಈಚೆ ಬಿಟ್ಟು ಮುಚ್ಚಳ ಹಾಕಿದರು. "ಇದೇನ್ರೀ?" ಅಂದೆ. "ಗಾಳಿಮಳೆ" ಅಂದರು. ತಗಡಿನೊಳಗೆ ಸಿಗ್ನಲ್ ಸಾಯುತ್ತದಂತೆ. ಮುಚ್ಚಳ ಒಂದು ಬೆರಳು ಸರಿಸಿ, ಅರ್ಧ ಬೆರಳು ಸರಿಸಿ, ನಿನ್ನ ಐದು ಅಂಕ ಬರುವ ತನಕ ಒಪ್ಪ ಮಾಡಿದರು. ಪರದೆ ಕಪ್ಪಾಯಿತು ನೋಡು, ಮಗು ಹುಟ್ಟಿದಾಗಲೂ ಅಷ್ಟು ಜೋರಾಗಿ ಕೂಗಿರಲಿಲ್ಲ.

ಕಾರಣ ಇನ್ನೂ ಸಿಕ್ಕಿಲ್ಲ. ಊಟ ಅಲ್ಲೇ, ಡಬ್ಬದ ಮುಂದೆ. ಪುಟ್ಟಿ ಹಿಟ್ಟಿನಲ್ಲಿ ಆಡಿ ಬೂದಿ ಬಳಿದುಕೊಂಡ ಬೆಕ್ಕಿನ ಹಾಗಾಗಿದ್ದಾಳೆ.

ಅತ್ತಿಗೆ


ಮೇ ೧೧

ಅಣ್ಣನಿಗೆ,

ನೀನು ಬರೆದದ್ದು ನಿಜ. ಅವತ್ತು ಯಾಕೆ ಹಾಗೆಂದೆ ಎಂದು ನಾನು ಬಹಳ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ನನಗೆ ಆ ಕೆಲಸ ಬೇಕಾಗಿತ್ತು. ನಿನ್ನನ್ನು ಕೇಳಿದರೆ ನೀನು ಹೂಂ ಎಂದುಬಿಡುತ್ತೀಯೆಂದು ಭಯವಾಗಿತ್ತು. ಇದಕ್ಕಿಂತ ಚೆಂದವಾಗಿ ಹೇಳಲು ನನಗೆ ಬರುತ್ತದೆ. ಹೇಳುವುದಿಲ್ಲ.

ನಿನ್ನೆ ಕಚೇರಿಗೆ ಹೋಗಿದ್ದೆ. ಸಾಹೇಬರ ಮುಂದೆ ನಿಂತು "ಆಯ್ತು ಅಂದಿದ್ದೆ ಸರ್, ಆಗಿಲ್ಲ" ಎಂದೆ.

"ಆಗಿದ್ದು ಮತ್ತೆ ಹೇಗಮ್ಮ ಆಗಿಲ್ಲ ಆಗುತ್ತೆ? ನಾನು ಮೇಲಿನವರಿಗೆ ಕಳಿಸಿಯಾಯ್ತು."

"ವಾಪಸ್ ತಗೊಳ್ಳಿ ಸರ್."

"ಹುಡುಗಾಟನಾ?"

ಅಕ್ಕಪಕ್ಕದ ಮೇಜಿನವರೆಲ್ಲ ತಲೆಯೆತ್ತಿ ನೋಡಿದರು. ನಾಲ್ಕು ದಿನದ ದಾಖಲೆಯನ್ನು ಮುಂದಿಟ್ಟೆ. ಯಾವ ಗಂಟೆಗೆ ಎಷ್ಟು ಸಲ ಸತ್ತು ಎದ್ದಿತು ಎಂದೆಲ್ಲ ಬರೆದದ್ದು. ಅವರು ಓದಿ, ಕನ್ನಡಕ ತೆಗೆದು, "ಜೂನ್ ಹದಿನೈದರ ತನಕ ಟೈಮು. ಆಗಲಿಲ್ಲ ಅಂದ್ರೆ ಅಳತೆಮನೆಗೆ ಬೇರೆಯವರು ಬರ್ತಾರೆ" ಎಂದರು. ಅಲ್ಲಿಯವರೆಗೆ ದಿನಕ್ಕೆರಡು ಸಲ ಸೇತುವೆಗೆ ನಡೆದು ಮಟ್ಟ ಹೇಳಬೇಕು. ನಡೆಯುತ್ತಿದ್ದೇನೆ. ಕೂತಿರುವುದಕ್ಕಿಂತ ಅದೇ ವಾಸಿ.

ನಿನ್ನ ತಂಗಿ


ಮೇ ೧೮

ತಂಗಿಗೆ,

ಕಾರಣ ಸಿಕ್ಕಿತು. ಹೇಗೆ ಸಿಕ್ಕಿತೆಂದು ಕೇಳಬೇಡ.

ನಿನ್ನ ಟೈಪಿಂಗಿನಲ್ಲಿ ತಪ್ಪಿಲ್ಲ. ಟವರ್ ಹತ್ತಿರವಿದ್ದರೆ ಮೋಡೆಮ್ ಪಿಸುಮಾತಿನಲ್ಲೇ ಕೆಲಸ ಮುಗಿಸುತ್ತದೆ. ಅದು ಆರಿದರೆ ಗುಡ್ಡದಾಚೆಯ ದೂರದ ಟವರಿಗೆ ಗಂಟಲು ಹರಿಯುವಂತೆ ಕೂಗಬೇಕು. ಕೂಗಲು ಕರೆಂಟ್ ಹೆಚ್ಚು ಬೇಕು. ಆ ಸಾಬೂನು ಡಬ್ಬಿ ತಾನೇ ಅರೆಹೊಟ್ಟೆಯಲ್ಲಿರುವ ಪ್ರಾಣಿ. ಮೋಡೆಮ್ ಅದರ ತುತ್ತನ್ನೂ ಕಿತ್ತುಕೊಳ್ಳುತ್ತದೆ. ಆಗ ಕಂಪ್ಯೂಟರಿಗೆ ಮೂರ್ಛೆ. ನೀನು ಕಿಟಕಿಯಾಚೆ ಬಿಟ್ಟ ಉದ್ದನೆಯ ತೆಳು ತಂತಿ ದಾರಿಯಲ್ಲೇ ಒಂದಿಷ್ಟು ತಿಂದುಹಾಕುತ್ತದೆ.

ಪಾರ್ಸೆಲ್‌ನಲ್ಲಿ ಒಂದು ಹಬ್ ಇದೆ, ಸಿಕ್ಕಿಸಿದ ಸಾಮಾನುಗಳಿಗೆ ಕರೆಂಟ್ ಹಂಚುವ ಡಬ್ಬಿ. ಅದಕ್ಕೆ ತನ್ನದೇ ಅಡಾಪ್ಟರ್ ಇದೆ. ಅದನ್ನು ಅಳತೆಮನೆಯ ಬ್ಯಾಟರಿ ಸಾಕೆಟ್ಟಿಗೆ ಸಿಕ್ಕಿಸು. ಮೋಡೆಮ್ ಹಬ್ಬಿಗೆ, ಹಬ್ ಕಂಪ್ಯೂಟರಿಗೆ. ಇನ್ನು ಮೇಲೆ ಮೋಡೆಮಿನ ಊಟ ಬೇರೆ, ಕಂಪ್ಯೂಟರಿನ ಊಟ ಬೇರೆ. ಗಿಡ್ಡ, ದಪ್ಪ ತಂತಿಯನ್ನೂ ಇಟ್ಟಿದ್ದೇನೆ.

ಇಲ್ಲಿ ಐದು ಅಂಕದಲ್ಲಿ ಮೂರು ದಿನ ನಡೆಸಿದೆ. ಒಮ್ಮೆಯೂ ಬೀಳಲಿಲ್ಲ. ಆದರೂ ನಾನು ಆಯ್ತು ಎನ್ನುವುದಿಲ್ಲ.

ಮೇಲಿನದನ್ನು ಬರೆದು ಮುಗಿಸುವಾಗ ನಿನ್ನ ಕಾಗದ ಬಂತು. ಓದಿದೆ. ಅದರ ಬಗ್ಗೆ ಈಗ ಬರೆಯಲು ನನಗೆ ಆಗುವುದಿಲ್ಲ.

ಅಣ್ಣ


ಜೂನ್ ೨೭

ತಂಗಿಗೆ,

ಶಾಲೆಯ ಮಹಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ನಾವು ಮೂವರೂ ಕ್ಷೇಮ. ಬೀದಿಯವರೆಲ್ಲರೂ ಕ್ಷೇಮ.

ಮೊನ್ನೆ ಇಪ್ಪತ್ತೈದರಂದು ಹನ್ನೊಂದು ಗಂಟೆಗೆ ಫೋನ್ ಗುಂಯ್ ಎಂದಿತು. ೩.೫೪. ಇಲ್ಲಿ ಬೆನ್ನು ಸುಡುವ ಬಿಸಿಲು, ಹೊಳೆ ತನ್ನ ಪಾಡಿಗೆ ತಾನು. ಬೀದಿಗೆ ಬಂದರೆ ಎಲ್ಲರೂ ಫೋನ್ ಹಿಡಿದು ಆಕಾಶ ನೋಡುತ್ತಿದ್ದಾರೆ. ದರ್ಜಿ ಹಲ್ಲು ಕಿರಿದ: "ಏನಯ್ಯ, ನಿನ್ ತಂಗಿ ಓದಿರೋದು ಸಾಹಿತ್ಯ ಅಲ್ವಾ? ಪದ್ಯ ಕಳಿಸಿರ್ಬೇಕು, ಸರಿಯಾಗಿ ಓದು." ನಾಲ್ಕು ಜನ ನಕ್ಕರು. ನನಗೂ ಒಂದು ಕ್ಷಣ ಅನುಮಾನ ಬಂತು. ತೇಲು ಎಲ್ಲಾದರೂ ಸಿಕ್ಕಿಕೊಂಡಿದ್ದರೆ? ಆಯ್ತು ಎಂದು ನೀನು ಮತ್ತೆ ಅವಸರ ಮಾಡಿದ್ದರೆ?

ಆಮೇಲೆ ನಿನ್ನ ಜೂನ್ ಮೊದಲ ವಾರದ ಕಾಗದ ನೆನಪಾಯಿತು. ಎರಡು ಗಾಳಿ, ಒಂದು ಮಳೆ ದಾಟಿದರೂ ಇನ್ನೂ ನೋಡುತ್ತಿದ್ದೇನೆ, ಯಾರಿಗೂ ಹೇಳಿಲ್ಲ ಎಂದು ಬರೆದಿದ್ದೆ. ಹದಿನಾಲ್ಕರವರೆಗೂ ನೀನು ಹೇಳಲಿಲ್ಲ. ಗಡುವಿಗೆ ಒಂದು ದಿನ ಉಳಿದಾಗ ಹೇಳಿದೆ. ಅಷ್ಟು ಸಾಕಾಯಿತು ನನಗೆ. ಪುಟ್ಟಿಯನ್ನು ನಿನ್ನ ಅತ್ತಿಗೆಯ ಕೈಗೆ ಕೊಟ್ಟು ಶಾಲೆಗೆ ಕಳಿಸಿದೆ, ಮನೆ ಮನೆ ಬಾಗಿಲು ಬಡಿದೆ. "ನಗೋದನ್ನ ಮಹಡಿ ಮೇಲೆ ನಗಿ, ಮೊದ್ಲು ಎದ್ದೇಳಿ" ಎಂದೆ. ಹನ್ನೆರಡಕ್ಕೆ ೩.೮೧ ಬಂತು. ನಗು ನಿಂತಿತು. ಒಂದಕ್ಕೆ ೪.೧೦. ದರ್ಜಿಯ ಮಷಿನನ್ನು ನಾನೂ ಅವನೂ ಹೊತ್ತೆವು.

ಎರಡೂಕಾಲು ಗಂಟೆಗೆ ನೀರು ಬಂತು, ಬಿಸಿಲಿನಲ್ಲೇ, ಕೆಂಪಗೆ, ಸದ್ದಿಲ್ಲದೆ. ನಮ್ಮ ಮನೆಯಲ್ಲಿ ಕಿಟಕಿಯ ಮಟ್ಟ. ಪುಟ್ಟಿಯ ತೊಟ್ಟಿಲು ಹಿತ್ತಿಲ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ನಲವತ್ತು ಮನೆಗಳಲ್ಲಿ ಒಂದರಲ್ಲೂ ಜನ ಇರಲಿಲ್ಲ.

ಅಂಗಡಿಯ ಕೆಳಗಿನ ಸಾಲಿನ ರೇಡಿಯೋಗಳು ಹೋದವು. ಒಣಗಿಸುತ್ತಿದ್ದೇನೆ.

ಆ ದಿನ ಸಿಗ್ನಲ್ ಎಷ್ಟಿತ್ತು? ಬರೆ.

ಅಣ್ಣ


ಜುಲೈ ೫

ಅಣ್ಣನಿಗೆ,

ನಾಲ್ಕು. ದಿಬ್ಬದ ಟವರ್ ಬೆಳಿಗ್ಗೆ ಒಂಬತ್ತಕ್ಕೇ ಆರಿತ್ತು. ನಾನು ಮಾಡಿದ್ದು ಏನೂ ಇಲ್ಲ. ಪರದೆಯ ಮುಂದೆ ನಿಂತಿದ್ದೆ, ಕೂರಲಾಗಲಿಲ್ಲ. ಗಂಟೆಗೊಮ್ಮೆ ಮೆಟ್ಟಿಲಿಳಿದು ಗೋಲು ನೋಡಿ ಬಂದೆ, ತೇಲು ಹೇಳುವುದು ನಿಜವೇ ಎಂದು. ಮೆಟ್ಟಿಲುಗಳು ಪ್ರತಿ ಸಲ ಕಡಿಮೆಯಾಗುತ್ತಿದ್ದವು. ಮೋಡೆಮ್ ಮುಟ್ಟಿದರೆ ಜ್ವರ ಬಂದ ಮಗುವಿನ ಹಣೆಯಷ್ಟು ಬಿಸಿ. ಕೆಳಗೆ ನೀನು ನಂಬಿದೆಯೋ ಇಲ್ಲವೋ ಎಂದು ತಿಳಿಯಲು ನನಗೆ ಯಾವ ದಾರಿಯೂ ಇರಲಿಲ್ಲ, ಸೇತುವೆಯ ದಾರಿಯೂ ಮುಳುಗಿತ್ತು. ನಿನ್ನ ಕಾಗದ ಬರುವವರೆಗೆ ಎಂಟು ದಿನ ಹಾಗೆಯೇ ಕಳೆದೆ.

ಇನ್ನೊಂದು ವಿಷಯ. ನಿನ್ನೆ ಸಾಹೇಬರು ಬಂದಿದ್ದರು. ಹೊಳೆಯುದ್ದಕ್ಕೂ ಇನ್ನೂ ಒಂಬತ್ತು ಅಳತೆಮನೆಗಳಿಗೆ ಇದೇ ಪೆಟ್ಟಿಗೆ ಬರುತ್ತಿದೆಯಂತೆ. ಎಲ್ಲವನ್ನೂ ಕೂಡಿಸಿ ನೋಡಿಕೊಳ್ಳಲು ಒಬ್ಬರು ಬೇಕಂತೆ. ಹಬ್ಬನ್ನು ತಿರುಗಿಸಿ ನೋಡಿ, "ಇದು ನಿಮ್ಮಣ್ಣನ ಕೈಚಳಕ ಅಲ್ವಾ? ಅವರು ಬರ್ತಾರಾ ಈ ಕೆಲ್ಸಕ್ಕೆ?" ಎಂದರು.

"ಗೊತ್ತಿಲ್ಲ ಸರ್. ಅವನನ್ನ ಕೇಳ್ಬೇಕು" ಎಂದೆ.

"ಬರ್ಬಹುದಾ ಅಂತ ಒಂದು ಅಂದಾಜು ಹೇಳಮ್ಮ, ನಾನು ಬರ್ಕೋಬೇಕು."

"ಅಂದಾಜೂ ಇಲ್ಲ ಸರ್."

ಅವರು ನನ್ನ ಮುಖವನ್ನೇ ನೋಡುತ್ತಾ ಬಹಳ ಹೊತ್ತು ಕಾದರು. ನಾನು ಹೊಳೆಯ ಕಡೆ ನೋಡುತ್ತಾ ನಿಂತೆ. ಕೊನೆಗೆ ಪೆನ್ನಿಗೆ ಮುಚ್ಚಳ ಹಾಕಿಕೊಂಡು ಹೋದರು.

ಅಣ್ಣಾ, ನೀನು ಬರುತ್ತೀಯಾ?

ನಿನ್ನ ತಂಗಿ


ಜುಲೈ ೧೧

ತಂಗಿಗೆ,

ಕಾಗದ ತಲುಪಿತು. ಸೋಮವಾರ ಅಂಗಡಿಗೆ ಬೀಗ ಹಾಕಿ ಕಚೇರಿಗೆ ಹೋಗುತ್ತೇನೆ. ಸಾಹೇಬರಿಗೆ ನಾನೇ ಹೇಳುತ್ತೇನೆ. ಏನು ಹೇಳುತ್ತೇನೆಂದು ನನಗೂ ಇನ್ನೂ ಗೊತ್ತಿಲ್ಲ. ಗೊತ್ತಾಗಲು ಎರಡು ದಿನ ಇದೆ. ಎರಡು ವರ್ಷದ ಮೇಲೆ ಸಿಕ್ಕಿದ ಎರಡು ದಿನ, ಸಾವಕಾಶವಾಗಿ ಯೋಚಿಸುತ್ತೇನೆ.

ಅಣ್ಣ